ಒಂದು ಕೋಚು, ಒಂದು ತಾರೀಖು

ಪುಟಾಣಿ ರೈಲು: ಓದುಗರ ಪ್ರಶ್ನೆ, ಹಳೇ ಕ್ಯಾರೇಜ್ ನೌಕರನ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಪ್ಯಾಸೆಂಜರ್ ಕೋಚಿನ ಮಾದರಿ ಮಾಡುವ ಬಗ್ಗೆಯೇ ಇವೆ. ಎಂಜಿನ್ ಕೇಳಿದವರು ಮುಂದಿನ ತಿಂಗಳವರೆಗೆ ತಾಳಬೇಕು. ಕೆಲಸದಲ್ಲಿದ್ದಷ್ಟು ದಿನವೂ ಕೋಚಿನ ಕೆಳಗೇ ಮಲಗಿದ್ದವನು ನಾನು, ಪಕ್ಷಪಾತ ಇದ್ದದ್ದೇ.

ಪ್ರಶ್ನೆ: ಸಾರ್, 2005ರಲ್ಲಿ ನಾನು ಚೆನ್ನೈನಲ್ಲಿ ಓದುತ್ತಿದ್ದೆ. ರಜೆಗೆ ಊರಿಗೆ ಬರುತ್ತಿದ್ದದ್ದು ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ. ಅದರ ಒಂದು ಸ್ಲೀಪರ್ ಕೋಚನ್ನು ಎಚ್‌ಒ ಅಳತೆಯಲ್ಲಿ, ಅಂದರೆ ನಿಜವಾದದ್ದರ 87ನೇ ಒಂದು ಭಾಗಕ್ಕೆ, ಮಾಡುವ ಆಸೆ. ನೀಲಿ ಬಣ್ಣದ ಐಸಿಎಫ್ ಕೋಚಿನ ಮಾದರಿಯೊಂದು ಸಿಕ್ಕಿದೆ. ಮೈಮೇಲೆ ಒಂದಕ್ಷರವೂ ಇಲ್ಲ, ಹೊಟ್ಟೆ ಕೆಳಗೆ ಬರೀ ಬಯಲು. ಫೋಟೊ ನೋಡುತ್ತ ಹೋದರೆ ಒಂದೊಂದು ಕೋಚೂ ಒಂದೊಂದು ಥರ ಇದೆ. ಯಾವ ವಿವರ ಹಾಕಲಿ, ಯಾವುದು ಬಿಡಲಿ? ಮೈಸೂರು ಪ್ಲಾಟ್‌ಫಾರ್ಮಿನಲ್ಲಿ ಕೋಚಿನ ಬಾಗಿಲ ಹತ್ತಿರ ನಿಂತು ತೆಗೆಸಿಕೊಂಡ ಫೋಟೊ ಒಂದಿದೆ, ಅಷ್ಟೆ.
– ಓದುಗರು, ಮೈಸೂರು

ಉತ್ತರ: ಅಷ್ಟೇ ಅಂತ ಯಾಕೆ ಹೇಳುತ್ತೀರಿ? ನಿಮ್ಮ ಹತ್ತಿರ ಇರುವುದು ಬಂಗಾರದಂಥ ವಸ್ತು. ಆ ಫೋಟೊದ ತಾರೀಖು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ‘ಐಸಿಎಫ್ ಸ್ಲೀಪರ್ ಕೋಚ್’ ಅನ್ನುವ ಒಂದೇ ಒಂದು ಕೋಚು ಎಲ್ಲೂ ಇಲ್ಲ. ಇದನ್ನು ಮಾಡುತ್ತಿದ್ದ ಚೆನ್ನೈ ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಶುರುವಾದದ್ದು 1955ರಲ್ಲಿ, ಆ ವಿನ್ಯಾಸದ ಕೊನೆಯ ಕೋಚು ಹೊರಬಿದ್ದದ್ದು 2018ರ ಜನವರಿಯಲ್ಲಿ. ಅರವತ್ತು ವರ್ಷ ಒಂದೇ ಪೆಟ್ಟಿಗೆಯನ್ನು ತಿದ್ದುತ್ತ, ಬಳಿಯುತ್ತ, ಬಿಚ್ಚುತ್ತ, ಜೋಡಿಸುತ್ತ ಬಂದಿದ್ದಾರೆ. ಹತ್ತು ವರ್ಷದ ಹತ್ತು ಫೋಟೊಗಳಿಂದ ಒಂದೊಂದು ಅಂಗ ಎತ್ತಿಕೊಂಡರೆ ಎಲ್ಲ ವಿವರವೂ ಸರಿಯಾಗಿದ್ದು ಕೋಚು ಮಾತ್ರ ಸುಳ್ಳಾಗಿರುತ್ತದೆ. ಅದಕ್ಕೇ ಮೊದಲು ತಾರೀಖು ಗಟ್ಟಿ ಮಾಡಿ. ನಿಮಗೆ 2005, ಅಲ್ಲೇ ನಿಲ್ಲೋಣ.

ಈಗ ಬಣ್ಣ. ಕಡುನೀಲಿ ಮೈ, ಕಿಟಕಿ ಸಾಲಿನ ಉದ್ದಕ್ಕೂ ತಿಳಿನೀಲಿ ಪಟ್ಟೆ: 2005ಕ್ಕೆ ಇದು ಸರಿ. 1990ರ ದಶಕದಲ್ಲಿ ಏರ್ ಬ್ರೇಕಿನ ಕೋಚುಗಳನ್ನು ದೂರದಿಂದಲೇ ಗುರುತಿಸಲು ಈ ನೀಲಿ ಬಂತು. ಅದಕ್ಕೆ ಮುಂಚೆ ಸಾಮಾನ್ಯವಾಗಿ ಮರೂನ್. 2018ರಿಂದ ಈಚೆಗೆ ಕೆಲವು ಐಸಿಎಫ್ ರೇಕುಗಳಿಗೆ, ಅಂದರೆ ಒಟ್ಟಿಗೆ ಓಡುವ ಕೋಚುಗಳ ಸಾಲಿಗೆ, ‘ಉತ್ಕೃಷ್ಟ್’ ಹೆಸರಿನಲ್ಲಿ ಕಂದು-ಕೆನೆ ಬಣ್ಣ ಹೊಡೆದರು. ಹಾಗಾಗಿ ನೀಲಿ ಅಂದ ಕೂಡಲೇ ಕೋಚಿನ ಕೆಳಗೆ ಏರ್ ಬ್ರೇಕಿನ ಗಾಳಿ ಸಿಲಿಂಡರುಗಳು ಇರಬೇಕು. ಮರೂನ್ ಕೋಚಿನ ಫೋಟೊ ನೋಡಿಕೊಂಡು ವ್ಯಾಕ್ಯೂಮ್ ಸಿಲಿಂಡರ್ ತಂದು ಅಂಟಿಸಬೇಡಿ.

ಸಂಖ್ಯೆಗೆ ಬರೋಣ. ಜನ ಇದನ್ನು ಅಲಂಕಾರ ಅಂದುಕೊಂಡು ಬಾಯಿಗೆ ಬಂದದ್ದು ಬರೆಯುತ್ತಾರೆ. ಆ ಕಾಲದ ಕೋಚಿಗೆ ಐದು ಅಂಕಿ. ಮೊದಲ ಎರಡು ಅದು ತಯಾರಾದ ವರ್ಷ, ಉಳಿದ ಮೂರು ಅದು ಯಾವ ಬಗೆಯ ಕೋಚು ಅನ್ನುವುದರ ಗುರುತು. ಸ್ಲೀಪರ್ ಆದರೆ ಆ ಮೂರಂಕಿ 201ರಿಂದ 400ರ ಒಳಗೆ ಬರುತ್ತದೆ, ರಿಸರ್ವೇಶನ್ ಇಲ್ಲದ ಜನರಲ್ ಕೋಚು 401ರಿಂದ 600. ಎಸಿ ಮೂರು ಟಯರ್‌ಗೆ 101ರಿಂದ 150. ಐಸಿಎಫ್ ಕೋಚಿನ ಆಯುಷ್ಯ ಸಾಮಾನ್ಯವಾಗಿ 25 ವರ್ಷ. ಅಂದಮೇಲೆ 2005ರ ಗಾಡಿಯಲ್ಲಿ 1974ರ ಕೋಚು ಬೇಡ, 2009ರದ್ದಂತೂ ಬೇಡವೇ ಬೇಡ. 97237 ಅಂತ ಬರೆದರೆ 1997ರಲ್ಲಿ ಹುಟ್ಟಿದ ಸ್ಲೀಪರ್ ಎಂದು ಬಲ್ಲವರು ಒಪ್ಪುತ್ತಾರೆ. ಅದರ ಜೊತೆಗೆ ಬಗೆಯ ಸಂಕೇತ: ಡಬ್ಲ್ಯೂಜಿಎಸ್‌ಸಿಎನ್. ಡಬ್ಲ್ಯೂ ಅಂದರೆ ಒಂದು ಕೋಚಿನಿಂದ ಇನ್ನೊಂದಕ್ಕೆ ನಡೆದು ಹೋಗುವ ವೆಸ್ಟಿಬ್ಯೂಲ್ ಉಂಟು, ಜಿ ಅಂದರೆ ಕರೆಂಟು ತಾನೇ ಮಾಡಿಕೊಳ್ಳುತ್ತದೆ, ಎಸ್ ಸೆಕೆಂಡ್ ಕ್ಲಾಸು, ಸಿಎನ್ ಮೂರು ಹಂತದ ಮಲಗುವ ಕೋಚು. ವಲಯದ ಅಕ್ಷರಕ್ಕೆ ನಿಮ್ಮ ಫೋಟೊ ನೋಡಿ. ನಮ್ಮ ನೈಋತ್ಯ ರೈಲ್ವೆ ಹುಟ್ಟಿದ್ದು 2003ರ ಏಪ್ರಿಲ್ 1ರಂದು. 2005ರಲ್ಲಿ ಅದಕ್ಕಿನ್ನೂ ಎರಡು ವರ್ಷ, ಹಳೇ ವಲಯದ ಅಕ್ಷರ ಅಳಿಸಿ ಹೊಸದು ಬರೆದ ಜಾಗದಲ್ಲಿ ಬಣ್ಣದ ತೇಪೆ ಕಾಣುತ್ತಿತ್ತು. ಅಂಥ ತೇಪೆ ನಿಮ್ಮ ಕೋಚಿನ ಮೇಲೆ ಇದ್ದರೆ ಬಿಡಬೇಡಿ, ಸ್ವಲ್ಪ ಬೇರೆ ನೀಲಿಯಲ್ಲಿ ಒಂದು ಚೌಕ ಬಳಿದು ಅದರ ಮೇಲೆ ಅಕ್ಷರ ಕೂರಿಸಿ.

ಇನ್ನು ಬೋರ್ಡು. ನನ್ನ ಮಟ್ಟಿಗೆ ನಿಮ್ಮ ಕೋಚಿನಲ್ಲಿ ಅತಿ ಮುಖ್ಯವಾದ ವಸ್ತು ಇದೇ. ಕಿಟಕಿಯ ಕೆಳಗೆ, ಕೋಚಿನ ನಡುಮಧ್ಯೆ ತೂಗುಹಾಕುವ ತಗಡಿನ ಬೋರ್ಡು. ಕನ್ನಡದಲ್ಲಿ ‘ಮೈಸೂರು’ ಯಾವತ್ತೂ ಮೈಸೂರೇ, ಇಂಗ್ಲಿಷ್ ಸಾಲು ಮಾತ್ರ ಕಾಲ ಹೇಳುತ್ತದೆ. 1996ಕ್ಕೆ ಮುಂಚಿನ ಗಾಡಿಗೆ ‘ಮದ್ರಾಸ್’ ಎಂದಿರಬೇಕು, ಆಮೇಲೆ ‘ಚೆನ್ನೈ’. 2014ರ ನವೆಂಬರ್ 1ರವರೆಗೆ ಇಂಗ್ಲಿಷಿನಲ್ಲಿ ‘ಮೈಸೋರ್’ ಎಂದು ಓದುವ ಹಳೇ ಕಾಗುಣಿತ, ‘ಮೈಸೂರು’ ಎಂಬ ಕಾಗುಣಿತ ಬಂದದ್ದು ಅಲ್ಲಿಂದೀಚೆಗೆ. ನಿಮ್ಮ ಬೋರ್ಡಿನಲ್ಲಿ ಹಳೇ ಮೈಸೋರು, ಹೊಸ ಚೆನ್ನೈ ಜೊತೆಗೆ ಇರಬೇಕು. ಇವೆರಡೂ ಒಟ್ಟಿಗಿದ್ದ ಹದಿನೆಂಟು ವರ್ಷದೊಳಗೆ ನಿಮ್ಮ ಕೋಚು ತಾನಾಗಿ ಕೂತುಬಿಡುತ್ತದೆ. ಗಾಡಿ ನಂಬರು ಬರೆಯುವುದಿದ್ದರೆ ನಾಲ್ಕೇ ಅಂಕಿ. ಐದಂಕಿ ಬಂದದ್ದು 2010ರ ಡಿಸೆಂಬರ್ 20ಕ್ಕೆ. ಅಕ್ಷರಗಳನ್ನು ಕಂಪ್ಯೂಟರಿನ ಫಾಂಟಿನಲ್ಲಿ ಹೊಡೆಯಬೇಡಿ. ಅವು ಪೇಂಟರ್ ಕೈಬರಹ, ಒಬ್ಬೊಬ್ಬನ ‘ರ’ಕಾರಕ್ಕೂ ಒಂದೊಂದು ಹೊಟ್ಟೆ. ಯಾವುದಾದರೂ ಹಳೇ ಬೋರ್ಡಿನ ಫೋಟೊವನ್ನು ನೇರ ಮಾಡಿ, ಕುಗ್ಗಿಸಿ, ಮುದ್ರಿಸಿ ಅಂಟಿಸುವುದೇ ಮೇಲು.

ಬಾಗಿಲ ಪಕ್ಕ ರಿಸರ್ವೇಶನ್ ಚಾರ್ಟಿನ ಕಾಗದ. ದೊಡ್ಡ ನಿಲ್ದಾಣಗಳಲ್ಲಿ ಅದನ್ನು ಅಂಟಿಸುವುದು ನಿಂತದ್ದು 2018ರ ಮಾರ್ಚ್‌ನಿಂದ. 2005ರ ಕೋಚಿನಲ್ಲಿ ಅದಿಲ್ಲದಿದ್ದರೆ ಏನೋ ಕೊರತೆ. ಬಿಳಿ ಕಾಗದದ ಒಂದು ಚೂರು, ಕೆಳಗಿನ ಮೂಲೆ ಎದ್ದಿರಬೇಕು. ಅದರ ಪಕ್ಕದಲ್ಲಿ ಹಿಂದಿನ ದಿನದ ಚಾರ್ಟು ಕಿತ್ತ ಗುರುತು, ಅಂಟಿನ ಮೇಲೆ ಧೂಳು ಕೂತ ಕಂದು ಕಲೆ. ಅಕ್ಷರ ಬರೆಯುವ ಗೋಜು ಬೇಡ. ಆ ಅಳತೆಯಲ್ಲಿ ಚಾರ್ಟನ್ನು ಓದುವವರು ಯಾರೂ ಇಲ್ಲ, ನಿಜವಾದದ್ದನ್ನು ಓದುವುದೇ ಕಷ್ಟವಾಗಿತ್ತು.

ಕೆಳಭಾಗಕ್ಕೆ ಬನ್ನಿ, ಇದು ನನ್ನ ಜಾಗ. ಅಂಡರ್‌ಫ್ರೇಮಿನಲ್ಲಿ ನೂರೆಂಟು ಪೈಪು, ಸರಳು, ಕೊಕ್ಕೆ ಇವೆ. ಎಲ್ಲ ಹಾಕಲು ಹೊರಟವರು ಕೋಚು ಮುಗಿಸಿದ್ದನ್ನು ನಾನು ನೋಡಿಲ್ಲ. ಗಾಡಿಯನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿದಾಗ ಬೆಳಕಿಗೆ ಅಡ್ಡ ಬರುವ ವಸ್ತುಗಳಷ್ಟೇ ಸಾಕು. ಮಧ್ಯದಲ್ಲಿ ತೂಗುವ ಬ್ಯಾಟರಿ ಪೆಟ್ಟಿಗೆ. ಏರ್ ಬ್ರೇಕಿನ ಸಿಲಿಂಡರು. ಒಂದು ಕಡೆಯ ಬೋಗಿಗೆ, ಅಂದರೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟಿಗೆ, ತಗುಲಿದ ಕರೆಂಟು ಮಾಡುವ ಆಲ್ಟರ್ನೇಟರು, ಅಚ್ಚಿನಿಂದ ಅದಕ್ಕೆ ಹೋಗುವ ಬೆಲ್ಟು. ನಮ್ಮವರು ಅದನ್ನು ಇವತ್ತಿಗೂ ಡೈನಮೋ ಅಂತಲೇ ಕರೆಯುವುದು. ನಾನ್-ಎಸಿ ಕೋಚಿನ ಆ ಆಲ್ಟರ್ನೇಟರ್ 110 ವೋಲ್ಟಿನದು, 4.5 ಕಿಲೋವ್ಯಾಟಿನದು, ಗಾತ್ರದಲ್ಲಿ ಚಿಕ್ಕದು. ಎಸಿ ಕೋಚಿನದು 25 ಕಿಲೋವ್ಯಾಟ್. ಎಸಿ ಮಾದರಿಯ ದಪ್ಪ ಆಲ್ಟರ್ನೇಟರನ್ನು ಸ್ಲೀಪರಿಗೆ ಹಾಕಿದರೆ ಕ್ಯಾರೇಜಿನವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ನಾಲ್ಕು ಮೂಲೆಯ ಪಾಯಿಖಾನೆಗಳ ಕೆಳಗೆ 2005ರಲ್ಲಿ ಇದ್ದದ್ದು ಹಳಿಗೆ ನೇರ ತೆರೆದ ಕೊಳವೆ. ಈಗ ಎಲ್ಲ ಕೋಚಿನಲ್ಲೂ ಕಾಣುವ ಸ್ಟೀಲಿನ ಬಯೋ ಟಾಯ್ಲೆಟ್ ತೊಟ್ಟಿ ಮೊದಲು ಬಂದದ್ದೇ 2011ರಲ್ಲಿ, ಗ್ವಾಲಿಯರ್–ವಾರಾಣಸಿ ನಡುವಿನ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್ಸಿಗೆ. ಈಚಿನ ಫೋಟೊ ನೋಡಿ ಮಾಡುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ, ಯಾಕೆಂದರೆ ತೊಟ್ಟಿ ಚಕ್ರದ ಹಿಂದೆ ಅಡಗುವುದಿಲ್ಲ, ಎದ್ದು ಕಾಣುತ್ತದೆ. ಇನ್ನೊಂದು ಮಾತು: ಹಳೇ ಮರದ ಮೈಯ ಕೋಚುಗಳ ಕೆಳಗೆ ಇರುತ್ತಿದ್ದ ಟ್ರಸ್ ಸರಳುಗಳು ಐಸಿಎಫ್‌ಗೆ ಇಲ್ಲ. ಇದರ ಪೆಟ್ಟಿಗೆಯೇ ಭಾರ ಹೊರುತ್ತದೆ, ‘ಇಂಟೆಗ್ರಲ್’ ಎಂಬ ಹೆಸರೂ ಅದರಿಂದಲೇ.

ಅಳತೆ ನೋಡಿಕೊಳ್ಳಿ. ನಿಜವಾದ ಐಸಿಎಫ್ ಪೆಟ್ಟಿಗೆ 21,337 ಮಿ.ಮೀ. ಉದ್ದ, 3,245 ಮಿ.ಮೀ. ಅಗಲ. ಎಚ್‌ಒ ಅಂದರೆ 87ನೇ ಒಂದು ಭಾಗ. ನಿಮ್ಮ ಮಾದರಿ 245 ಮಿ.ಮೀ. ಉದ್ದ, 37 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು ಅಗಲ ಇರಬೇಕು. ಎರಡು ಬೋಗಿಗಳ ನಡುಬಿಂದುಗಳ ಅಂತರ 14,783, ಎಚ್‌ಒದಲ್ಲಿ 170. ಒಂದು ಬೋಗಿಯ ಎರಡು ಅಚ್ಚಿನ ನಡುವೆ 2,896, ಅಂದರೆ 33. ಚಕ್ರದ ವ್ಯಾಸ 915, ಹತ್ತೂವರೆ. ಬೇರೆ ದೇಶದ ಕೋಚಿನ ಬೋಗಿ ಸಿಕ್ಕಿತೆಂದು ಹಾಕಿಬಿಟ್ಟಿದ್ದರೆ ಅಚ್ಚಿನ ಅಂತರವೇ ಹೇಳಿಬಿಡುತ್ತದೆ. ಇದು ಸರಿಯಿಲ್ಲದಿದ್ದರೆ ಮೇಲೆ ಎಷ್ಟು ಚೆನ್ನಾಗಿ ಬಳಿದರೂ ಕೋಚಿನ ನಿಲುವೇ ಬೇರೆಯಾಗುತ್ತದೆ. ದುಡ್ಡು ಒಂದು ಕಡೆ ಮಾತ್ರ ಖರ್ಚು ಮಾಡುವುದಾದರೆ ಬೋಗಿಗೆ ಮಾಡಿ.

ಕೊಳೆ ಎಷ್ಟು ಹಾಕಬೇಕೆಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ವರ್ಷಕ್ಕೋ ಒಂದೂವರೆ ವರ್ಷಕ್ಕೋ ಒಮ್ಮೆ ಕೋಚು ಕಾಲಕಾಲದ ದೊಡ್ಡ ರಿಪೇರಿಗೆ, ಅಂದರೆ ಪಿಒಎಚ್‌ಗೆ ವರ್ಕ್‌ಶಾಪಿಗೆ ಬರುತ್ತದೆ, ಬಣ್ಣ ಹೊಡೆಸಿಕೊಂಡು ಹೋಗುತ್ತದೆ. ಆ ವರ್ಕ್‌ಶಾಪಿನ ಗುರುತು, ತಾರೀಖು, ಮತ್ತೆ ಬರಬೇಕಾದ ತಾರೀಖು ಇಷ್ಟನ್ನೂ ಕೋಚಿನ ತುದಿಗೋಡೆಯ ಮೇಲೆ ಬರೆದಿರುತ್ತಾರೆ. ಮೈಸೂರಿನ ಅಶೋಕಪುರಂ ವರ್ಕ್‌ಶಾಪಿನಿಂದ ಹೊರಟ ವಾರದಲ್ಲಿ ಕೋಚು ಮದುವೆ ಮಂಟಪಕ್ಕೆ ಹೊರಟ ಹಾಗಿರುತ್ತದೆ. ಹದಿನೈದು ತಿಂಗಳ ಮೇಲೆ ನೋಡಿದರೆ ಕೆಳಗಿನ ಅಂಚಿನಲ್ಲಿ ಬ್ರೇಕ್ ಬ್ಲಾಕಿನ ಕಂದು ಪುಡಿ, ಕಿಟಕಿಗಳ ಕೆಳಗೆ ಎಲೆಅಡಿಕೆ ಉಗಿದ ಕೆಂಪು ಗೆರೆಗಳು, ಪಾಯಿಖಾನೆಯ ಮೂಲೆಗಳಲ್ಲಿ ಚಾವಣಿಯ ತೊಟ್ಟಿ ತುಂಬಿ ಹರಿದ ನೀರಿನ ಬಿಳಿ ಕರೆ. ಎಲೆಅಡಿಕೆ ಗೆರೆ ನೇರ ಕೆಳಗೆ ಇಳಿಯುವುದಿಲ್ಲ, ಓಡುವ ಗಾಡಿಯಲ್ಲವೇ, ಹಿಂದಕ್ಕೆ ಓರೆಯಾಗಿ ಚದುರಿರುತ್ತದೆ. ಕೋಚು ಎರಡೂ ದಿಕ್ಕಿಗೆ ಓಡುವುದರಿಂದ ಎರಡೂ ಕಡೆಗೆ ಓರೆ ಇರಲಿ. ತುದಿಗೋಡೆಯ ಮೇಲೆ ನೀವು ಬರೆಯುವ ಪಿಒಎಚ್ ತಾರೀಖಿಗೂ ಮೈಮೇಲಿನ ಕೊಳೆಗೂ ತಾಳೆಯಾಗಬೇಕು.

ಇನ್ನು ಬಿಡಬೇಕಾದ್ದು. ತುದಿಯಲ್ಲಿ ಕಿಟಕಿಯ ಮೇಲೆ ಬರುವ ಹಳದಿ ಓರೆಪಟ್ಟೆ ರಿಸರ್ವೇಶನ್ ಇಲ್ಲದ ಕೋಚಿನದು, ಸ್ಲೀಪರಿಗೆ ಬೇಡ. ದೊಡ್ಡ ಹಳದಿ ಎಕ್ಸ್ ಗುರುತು ಗಾಡಿಯ ಕೊನೆಯ ಕೋಚಿನ ಬೆನ್ನಿಗೆ, ನಿಮ್ಮದು ನಡುವಿನ ಕೋಚು, ಅದೂ ಬೇಡ. ಬಾಗಿಲ ಹತ್ತಿರ ಬರ್ತಿನ ಸಂಖ್ಯೆ 72 ಅಂತ ಬರೆಯಿರಿ. ಸೈಡ್ ಮಿಡ್ಲ್ ಬರ್ತ್ ತುರುಕಿ ಆ ಸಂಖ್ಯೆ ಏರಿಸಿದ ಪ್ರಯೋಗ ನಡೆದದ್ದು ನಿಮ್ಮ ಫೋಟೊ ಆದಮೇಲೆ, ಅದೂ ಸ್ವಲ್ಪ ಕಾಲ. ಅದರಲ್ಲಿ ಮಲಗಿದವರು ಯಾರೂ ಅದನ್ನು ಮರೆತಿರಲಾರರು.

ಪ್ರಶ್ನೆ: ನಮ್ಮ ತಾತ 1970ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಗಾರ್ಡ್ ಆಗಿದ್ದರು. ಅವರ ನೆನಪಿಗೆ ಒಂದು ಮರೂನ್ ಕೋಚು ಮಾಡುತ್ತಿದ್ದೇನೆ. ಬ್ರಾಡ್ ಗೇಜಿನ ಐಸಿಎಫ್ ಮಾದರಿಗೆ ಬಣ್ಣ ಹೊಡೆದಾಗಿದೆ. ನೈಋತ್ಯ ರೈಲ್ವೆಯ ಅಕ್ಷರ ಎಲ್ಲಿ ಬರೆಯಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಅಕ್ಷರ ಬರೆಯುವ ಮೊದಲು ಸ್ವಲ್ಪ ತಡೆಯಿರಿ. ನಿಮ್ಮ ತಾತನ ಕಾಲಕ್ಕೆ ನೈಋತ್ಯ ರೈಲ್ವೆ ಎಂಬುದೇ ಇರಲಿಲ್ಲ. ಹುಬ್ಬಳ್ಳಿ 1951ರಿಂದ ದಕ್ಷಿಣ ರೈಲ್ವೆಯಲ್ಲಿತ್ತು, 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. ಈಗಿನ ವಲಯಕ್ಕೆ ಬಂದದ್ದು 2003ರಲ್ಲಿ. ಅವರ ಕೋಚಿಗೆ ದಕ್ಷಿಣ ಮಧ್ಯದ ಅಕ್ಷರವೇ ಸರಿ.

ಅದಕ್ಕಿಂತ ದೊಡ್ಡ ಮಾತು ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ. ಆಗ ಹುಬ್ಬಳ್ಳಿ ಮೀಟರ್ ಗೇಜಿನ ಊರು. ಬೆಂಗಳೂರಿಗೂ ಮೀಟರ್ ಗೇಜು, ಗುಂತಕಲ್ಲಿಗೂ ಮೀಟರ್ ಗೇಜು. ಬ್ರಾಡ್ ಆದದ್ದು 1990ರ ದಶಕದಲ್ಲಿ. ತಾತ ಹಸಿರು ಬಾವುಟ ತೋರಿಸಿದ್ದು ಸಣ್ಣ ಕೋಚುಗಳ ಗಾಡಿಗೆ. ಬೇಜಾರಾಗಬೇಡಿ, ಇದರಿಂದ ನಿಮಗೆ ಲಾಭವೇ ಇದೆ. 1,000 ಮಿ.ಮೀ. ಗೇಜನ್ನು 87ರಿಂದ ಭಾಗಿಸಿದರೆ 11.5. ಮೀಟರ್ ಗೇಜಿನ ಮಾದರಿಗೆಂದೇ ಅಂಗಡಿಯಲ್ಲಿ ಸಿಗುವ ಎಚ್‌ಒಎಂ ಹಳಿ 12 ಮಿ.ಮೀ. ಅರ್ಧ ಮಿ.ಮೀ. ವ್ಯತ್ಯಾಸ, ಕಣ್ಣಿಗೆ ಕಾಣದು. ಬ್ರಾಡ್ ಗೇಜಿನವರಿಗೆ ಈ ಅದೃಷ್ಟವಿಲ್ಲ, ಮುಂದಿನ ಉತ್ತರ ಓದಿ.

ದಶಕದ ಯಾವ ವರ್ಷ ಎಂಬುದನ್ನೂ ಮನೆಯವರನ್ನು ಕೇಳಿ ತಿಳಿದುಕೊಳ್ಳಿ. ಮೂರನೇ ದರ್ಜೆ ರದ್ದಾದದ್ದು 1974ರಲ್ಲಿ. ಅದಕ್ಕೆ ಮುಂಚಿನ ಕೋಚಾದರೆ ಬಾಗಿಲ ಬಳಿ ರೋಮನ್ ಮೂರು ಗೆರೆ, ಆಮೇಲಿನದಾದರೆ ಎರಡು. ಒಳಗೆ ಮರದ ಪಟ್ಟಿಯ ಸೀಟು, ರೆಕ್ಸಿನ್ ಬೇಡ. ಬಣ್ಣ ಹೊಡೆದ ಆ ಬ್ರಾಡ್ ಗೇಜ್ ಕೋಚನ್ನು ಎಸೆಯಬೇಡಿ, 2003ರ ಆಸುಪಾಸಿನ ಒಂದು ಪ್ಯಾಸೆಂಜರ್ ಗಾಡಿಗೆ ನೈಋತ್ಯದ ಅಕ್ಷರ ಬರೆದು ಸೇರಿಸಿ. ಆಗಲೂ ಸಣ್ಣಪುಟ್ಟ ಗಾಡಿಗಳಲ್ಲಿ ಮರೂನ್ ಉಳಿದಿತ್ತು. ಹುಬ್ಬಳ್ಳಿಯಲ್ಲೇ ಈಗ ರೈಲು ಮ್ಯೂಸಿಯಂ ಇದೆ, 2020ರಲ್ಲಿ ಆದದ್ದು. ಅಳತೆಪಟ್ಟಿ ಹಿಡಿದುಕೊಂಡು ಒಂದು ಭಾನುವಾರ ಹೋಗಿ ಬನ್ನಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನೆಲಮಾಳಿಗೆಯಲ್ಲಿ ಅಮೆರಿಕದ ಗಾಡಿಗಳ ಎಚ್‌ಒ ಲೇಔಟ್ ಇದೆ, ತಿರುವುಗಳು 18 ಇಂಚು ತ್ರಿಜ್ಯದವು. ಊರಿನಿಂದ ನಾಲ್ಕು ಐಸಿಎಫ್ ಕೋಚು ತಂದಿದ್ದೇನೆ. ಓಡಿಸಬಹುದೇ? ಹಳಿಯ ಮೇಲಿಟ್ಟರೆ ಕೋಚು ಯಾಕೋ ದಪ್ಪಗೆ, ಕಾಲು ಸಣ್ಣಗೆ ಕಾಣುತ್ತದೆ.
– ಓದುಗರು, ನ್ಯೂಜೆರ್ಸಿ

ಉತ್ತರ: ನಿಮ್ಮ ಕಣ್ಣು ಸರಿಯಾಗಿದೆ. ನಮ್ಮ ಬ್ರಾಡ್ ಗೇಜು 1,676 ಮಿ.ಮೀ. 87ರಿಂದ ಭಾಗಿಸಿದರೆ 19.3. ನಿಮ್ಮ ಹಳಿ 16.5. ಕೋಚು ಸರಿಯಾದ ಅಳತೆಯಲ್ಲಿದೆ, ಹಳಿ ಸುಮಾರು ಮೂರು ಮಿ.ಮೀ. ಕಿರಿದು. ಇದಕ್ಕೆ ಮೂರು ದಾರಿ. ಹಳಿಯನ್ನೇ 19.3ಕ್ಕೆ ಕೈಯಿಂದ ಹಾಕುವುದು, ಅದು ತಪಸ್ಸು. ಹಳಿ ಹಾಗೇ ಇಟ್ಟು ಕೋಚನ್ನು 102ನೇ ಒಂದು ಭಾಗಕ್ಕೆ ಕುಗ್ಗಿಸುವುದು, ಆಗ ನಿಮ್ಮ ಅಮೆರಿಕದ ಗಾಡಿಗಳ ಪಕ್ಕ ನಮ್ಮದು ಆಟಿಕೆಯಂತೆ ಕಾಣುತ್ತದೆ. ಮೂರನೆಯದು, ನಾನು ಹೇಳುವುದು: ಚಕ್ರ ಕಿರಿದಾಗಿಯೇ ಇರಲಿ, ಬೋಗಿಯ ಪಕ್ಕದ ಚೌಕಟ್ಟು ಮತ್ತು ಸ್ಪ್ರಿಂಗುಗಳನ್ನು ಮಾತ್ರ ನಿಜವಾದ ಅಳತೆಯಷ್ಟು ಹೊರಗೆ ಕೂರಿಸಿ. ಪಕ್ಕದಿಂದ ನೋಡುವವರಿಗೆ ಚೌಕಟ್ಟೇ ಕಾಣುವುದು, ಒಳಗಿನ ಚಕ್ರವಲ್ಲ. ಎದುರಿನಿಂದ ನೋಡುವ ನೆಂಟರಿಗೆ ಕಾಫಿ ಕೊಟ್ಟು ಮಾತಿಗೆಳೆಯಿರಿ.

18 ಇಂಚಿನ ತಿರುವು ಸಾಲದು. ಅತಿ ಉದ್ದದ ಕೋಚಿನ ಮೂರರಷ್ಟಾದರೂ ತ್ರಿಜ್ಯ ಇರಬೇಕೆಂಬುದು ಲೇಔಟ್ ಹಾಕುವವರ ಲೆಕ್ಕ. 245ರ ಮೂರರಷ್ಟು 735 ಮಿ.ಮೀ., ಅಂದರೆ 29 ಇಂಚು. ಅದಕ್ಕಿಂತ ಬಿಗಿಯಾದ ತಿರುವಿನಲ್ಲಿ ಹೇಗೋ ಹೋದರೂ ಕೋಚಿನ ಮೂಲೆ ಹೊರಗೆ ಚಾಚಿ ಪಕ್ಕದ ಹಳಿಯ ಗಾಡಿಗೆ ತಾಕುತ್ತದೆ. ತುದಿಯ ಎರಡು ಬದಿಗೆ ಡಿಕ್ಕಿ ತಾಳುವ ಬಫರ್ ಇರುವ ಕೋಚಾದ್ದರಿಂದ ಬಿಗಿ ತಿರುವಿನಲ್ಲಿ ಬಫರಿಗೆ ಬಫರು ಸಿಕ್ಕಿಕೊಂಡು ಹಳಿ ತಪ್ಪುತ್ತದೆ. ಒಂದೋ ತಿರುವು ಹಿಗ್ಗಿಸಿ, ಇಲ್ಲ ನಾಲ್ಕು ಕೋಚನ್ನು ಒಂದು ನೇರ ಸೈಡಿಂಗಿನಲ್ಲಿ ನಿಲ್ಲಿಸಿ. ನಡುವಿನ ಜೋಡಣೆಗೆ ಯಾವ ಕಪ್ಲರ್ ಬೇಕಾದರೂ ಇರಲಿ, ರೇಕಿನ ಎರಡು ತುದಿಯಲ್ಲಿ ಮಾತ್ರ ಸ್ಕ್ರೂ ಕಪ್ಲಿಂಗ್, ಅಂದರೆ ಸ್ಕ್ರೂ ತಿರುಗಿಸಿ ಬಿಗಿಯುವ ಕೊಂಡಿ, ತೂಗಲಿ. ಕಾಣುವುದು ಅಲ್ಲೇ.

ಪ್ರಶ್ನೆ: ಯಶವಂತಪುರ–ಮಂಗಳೂರು ಗಾಡಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಕೋಚು ಮಾಡಿದ್ದೇನೆ. ಅದರ ಹಿಂದೆ ನನ್ನಲ್ಲಿರುವ ನೀಲಿ ಐಸಿಎಫ್ ಕೋಚುಗಳನ್ನು ಜೋಡಿಸಿದರೆ ತಪ್ಪೇ?
– ಓದುಗರು, ಮಂಗಳೂರು

ಉತ್ತರ: ತಪ್ಪು. 2021ರ ಜುಲೈಯಲ್ಲಿ ಘಾಟಿಗೆ ಬಂದ ವಿಸ್ಟಾಡೋಮ್ ಎಲ್‌ಎಚ್‌ಬಿ ಎಂಬ ಹೊಸ ವಿನ್ಯಾಸದ ಜಾತಿಯದು. ಅದಕ್ಕೆ ಪಕ್ಕದ ಬಫರ್ ಇಲ್ಲ, ನಡುವೆ ಸೆಂಟರ್ ಬಫರ್ ಕಪ್ಲರ್. ಐಸಿಎಫ್‌ಗೆ ಸ್ಕ್ರೂ ಕಪ್ಲಿಂಗ್, ಎರಡು ಬಫರು. ಎರಡನ್ನೂ ಹಾಗೇ ಕೂಡಿಸಲು ಬರುವುದಿಲ್ಲ. ಉದ್ದವೂ ಬೇರೆ, ಎಲ್‌ಎಚ್‌ಬಿ ಪೆಟ್ಟಿಗೆ 23,540 ಮಿ.ಮೀ., ಎಚ್‌ಒದಲ್ಲಿ 270ರ ಮೇಲೆ. ಪಕ್ಕಪಕ್ಕ ನಿಲ್ಲಿಸಿದರೆ ಒಂದು ಇಂಚು ಎದ್ದು ಕಾಣುತ್ತದೆ. ಅದರ ಬೋಗಿಯೂ ಫಿಯಟ್ ವಿನ್ಯಾಸದ್ದು, ಅಚ್ಚಿನ ಅಂತರ 2,560 ಮಾತ್ರ, ಬ್ರೇಕು ಅಚ್ಚಿನ ಮೇಲಿನ ಡಿಸ್ಕಿಗೆ. ಐಸಿಎಫ್ ಬೋಗಿಯ ಹಾಗೆ ಚಕ್ರದ ಎರಡೂ ಬದಿಗೆ ಬ್ರೇಕ್ ಬ್ಲಾಕ್ ಅಂಟಿಸಿದ್ದರೆ ಕಿತ್ತುಬಿಡಿ. ನೀಲಿ ರೇಕನ್ನು ಬೇರೆ ಗಾಡಿಯಾಗಿ ಓಡಿಸಿ, ಪಕ್ಕದ ಹಳಿಯಲ್ಲಿ ಕ್ರಾಸಿಂಗಿಗೆ ನಿಲ್ಲಿಸಿದರೂ ಚೆನ್ನ.

ಪ್ರಶ್ನೆ: ನಮಸ್ಕಾರ ಅಣ್ಣ. ಮಗನಿಗೆ ಹನ್ನೆರಡು ವರ್ಷ, ರೈಲಿನ ಹುಚ್ಚು. ದುಬಾರಿ ಮಾದರಿ ಕೊಡಿಸಲು ನಮ್ಮಿಂದಾಗದು. ರಟ್ಟಿನಲ್ಲಿ ಕೋಚು ಮಾಡುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ. ಆದರೆ ಕಿಟಕಿಯ ಸರಳು ಮಾಡಲಾಗದೆ ದಿನಾ ಅಳುತ್ತಾನೆ. ಏನಾದರೂ ಉಪಾಯ ಇದೆಯೇ?
– ಓದುಗರು, ತುಮಕೂರು

ಉತ್ತರ: ತಂಗಿ, ದೊಡ್ಡವರೂ ಅಳುವುದು ಅಲ್ಲೇ ಎಂದು ಅವನಿಗೆ ಹೇಳು. ಬೆರಳಿಗಿಂತ ತೆಳುವಾದ ಕಬ್ಬಿಣದ ಸರಳು 87ನೇ ಒಂದು ಭಾಗಕ್ಕೆ ಇಳಿದರೆ ಮಿಲಿಮೀಟರಿನ ಏಳನೇ ಒಂದು ಪಾಲು. ತಂತಿ, ದಾರ ಯಾವುದು ಹಾಕಿದರೂ ಜೈಲಿನ ಕಿಟಕಿಯಾಗುತ್ತದೆ. ಹೊಸ ಅಂಗಿಯ ಪೆಟ್ಟಿಗೆಯ ಮುಚ್ಚಳದಲ್ಲಿ ಬರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸಾಕು. ಕೆಳಗೆ ಗೆರೆ ಎಳೆದ ಕಾಗದ ಇಟ್ಟುಕೊಂಡು, ಸ್ಕೇಲಿಗೆ ಒತ್ತಿ, ಹೊಲಿಗೆ ಸೂಜಿಯಿಂದ ಹಾಳೆಯ ಮೇಲೆ ಅಡ್ಡ ಗೆರೆಗಳನ್ನು ಕೊರೆಯಲಿ. ನಮ್ಮ ಕೋಚಿನ ಸರಳು ಅಡ್ಡವೇ, ಉದ್ದುದ್ದ ಅಲ್ಲ. ಜೋರಾಗಿ ಒತ್ತಬಾರದು, ಒಂದು ಗೆರೆಗೆ ಒಂದೇ ಸಲ. ಆಮೇಲೆ ಬಿಳಿ ಪೋಸ್ಟರ್ ಬಣ್ಣವನ್ನು ಬೆರಳಿನಿಂದ ಹಾಳೆಯ ಮೇಲೆಲ್ಲ ಉಜ್ಜಿ, ಅರೆ ಒಣಗುತ್ತಿದ್ದಂತೆ ಒದ್ದೆ ಬಟ್ಟೆ ಸುತ್ತಿದ ರಟ್ಟಿನ ಚೂರಿನಿಂದ ಒರೆಸಬೇಕು. ಬರೀ ಬಟ್ಟೆಯಿಂದ ಒರೆಸಿದರೆ ಕೊರೆದ ಗೆರೆಯೊಳಗಿನ ಬಣ್ಣವೂ ಎದ್ದುಬರುತ್ತದೆ. ಗೆರೆಯಲ್ಲಿ ಉಳಿದ ಬಣ್ಣವೇ ಸರಳು.

ಈ ಹಾಳೆಯನ್ನು ಗೋಡೆಯ ಒಳಗಿನಿಂದ ಅಂಟಿಸಲಿ. ಎಲ್ಲ ಕಿಟಕಿಯೂ ಒಂದೇ ಥರ ಬೇಡ. ಕೆಲವಕ್ಕೆ ಹಿಂದಿನಿಂದ ಅರ್ಧದವರೆಗೆ ಬೂದುಬಣ್ಣದ ಕಾಗದ ಹಚ್ಚಿದರೆ ಶಟರ್ ಇಳಿಸಿದ ಹಾಗೆ, ಒಂದೆರಡಕ್ಕೆ ಪೂರ್ತಿ. ಎಮರ್ಜೆನ್ಸಿ ಕಿಟಕಿಗೆ ಕೊರೆಯುವುದು ಬೇಡ, ಸುತ್ತ ಕೆಂಪು ಬಳಿಯಲಿ. ಮೂಲೆಯ ಪಾಯಿಖಾನೆ ಕಿಟಕಿ ಚಿಕ್ಕದು, ಅದಕ್ಕೆ ಬೆಣ್ಣೆ ಕಾಗದ. ಕೋಚಿನ ಉದ್ದ 245 ಮಿ.ಮೀ. ಇಟ್ಟುಕೊಂಡರೆ ಮುಂದೆ ಯಾವತ್ತಾದರೂ ಕೊಂಡ ಎಂಜಿನ್ನಿನ ಹಿಂದೆ ಓಡಿಸಬಹುದು.

ರಜೆಯಲ್ಲಿ ಅವನನ್ನು ಮೈಸೂರಿನ ರೈಲು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗು, ಸಿಎಫ್‌ಟಿಆರ್‌ಐ ಎದುರಿಗಿದೆ, 1979ರಲ್ಲಿ ಶುರುವಾದದ್ದು. ಅಲ್ಲಿ ಮಹಾರಾಣಿಯವರ 1899ರ ಸಲೂನ್ ಕೋಚಿದೆ. ದೂರ ನಿಂತು ಪೂರ್ತಿ ಪಕ್ಕವನ್ನು ನೇರವಾಗಿ ಒಂದು ಫೋಟೊ ತೆಗೆಯಲಿ, ಹತ್ತಿರದಿಂದ ಚಕ್ರದ ವ್ಯಾಸ ಅಳೆದುಕೊಳ್ಳಲಿ. ಫೋಟೊದಲ್ಲಿ ಆ ಚಕ್ರ ಎಷ್ಟು ಮಿ.ಮೀ. ಇದೆಯೋ ನೋಡಿದರೆ ಉಳಿದೆಲ್ಲ ಅಳತೆ ತ್ರೈರಾಶಿಯಲ್ಲಿ ಬರುತ್ತದೆ. ಹನ್ನೆರಡು ವರ್ಷದವನಿಗೆ ಆ ಲೆಕ್ಕ ಶಾಲೆಯಲ್ಲಿ ಆಗಿರುತ್ತದೆ. ಮಾಡಿದ ಕೋಚಿನ ಫೋಟೊ ಕಳಿಸುವಾಗ ಪಕ್ಕದಲ್ಲಿ ಒಂದು ಸ್ಕೇಲು ಇಡಲು ಹೇಳು.